ಪ್ರಿಂಟ್ ಒತ್ತಿದ ಮೇಲೆ ಕಾಗದ ಎಲ್ಲಿ ನಿಂತಿತು?

ಜೂನ್ ತಿಂಗಳು ಬಂದರೆ ಶಾಲೆಗೆ ಜಾತಿ-ಆದಾಯ ಪ್ರಮಾಣಪತ್ರ ಬೇಕು, ಬೆಳೆಸಾಲಕ್ಕೆ ಉತಾರ (ಪಹಣಿ) ಬೇಕು, ಅದು ಮುಗಿಯುವಷ್ಟರಲ್ಲಿ ವಿದ್ಯಾರ್ಥಿವೇತನದ ಅರ್ಜಿ ಶುರು. ಮೂಡಲಗಿ ತಾಲೂಕಿನ ನಾಗನೂರ ಇರಲಿ, ಹುಕ್ಕೇರಿ ಕಡೆಯ ನಾಗನೂರ ಇರಲಿ, ಊರಿನ ಸೇವಾ ಕೇಂದ್ರದ ಮುಂದೆ ಜನ ಪಾಳಿ ಹಚ್ಚುವ ದಿನಗಳಿವು. ಒಳಗೆ ಎರಡೋ ಮೂರೋ ಕಂಪ್ಯೂಟರ್, ಪ್ರಿಂಟರ್ ಮಾತ್ರ ಒಂದೇ. ಹೊರಗಿನ ಪಾಳಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಂಪ್ಯೂಟರಿನೊಳಗೆ ಇನ್ನೊಂದು ಪಾಳಿ ಇದೆ, ಅದನ್ನು ತೆರೆದು ನೋಡುವವರು ಕಡಿಮೆ.

"ತಡೀರಿ ಕಾಕಾ, ಪ್ರಿಂಟ್ ಬರವಲ್ದು" ಎನ್ನುತ್ತ ಕುಳಿತ ಹುಡುಗ ಮತ್ತೊಮ್ಮೆ ಪ್ರಿಂಟ್ ಒತ್ತುತ್ತಾನೆ. ಬರುವುದಿಲ್ಲ. ಮತ್ತೆ ಒತ್ತುತ್ತಾನೆ. ಆಮೇಲೆ ಪ್ರಿಂಟರಿನ ಸ್ವಿಚ್ ಆರಿಸಿ ಚಾಲೂ ಮಾಡಿದ ತಕ್ಷಣ ಒಂದೇ ಉತಾರ ನಾಲ್ಕು ಸಲ ಹೊರಬರುತ್ತದೆ, ಅದರ ಹಿಂದೆ ಬೆಳಿಗ್ಗೆ ಬಂದು ಹೋದವರ ಆಧಾರ್ ಪ್ರತಿಯೂ ಬರುತ್ತದೆ. ಕಾಗದ ಹಾಳು, ಟೋನರ್ ಹಾಳು, ಯಾರದೋ ದಾಖಲೆ ಇನ್ಯಾರದೋ ಕೈಗೆ. ಇಷ್ಟಕ್ಕೆಲ್ಲ ಕಾರಣ ಒಂದೇ: ಕಾಗದ ಎಲ್ಲಿ ನಿಂತಿದೆ ಎಂದು ನೋಡದೆ ಮತ್ತೆ ಒತ್ತಿದ್ದು.

ಗುಂಡಿಗೂ ಕಾಗದಕ್ಕೂ ನಡುವೆ

ಪ್ರಿಂಟ್ ಗುಂಡಿ ಒತ್ತಿದರೆ ಪುಟ ನೇರವಾಗಿ ಪ್ರಿಂಟರಿಗೆ ಹೋಗುವುದಿಲ್ಲ. ಮೊದಲು ಕಂಪ್ಯೂಟರಿನ ಡಿಸ್ಕಿನಲ್ಲಿ ಒಂದು ಫೈಲಾಗಿ ಕೂರುತ್ತದೆ. ಇದಕ್ಕೆ ಸ್ಪೂಲಿಂಗ್ ಎನ್ನುತ್ತಾರೆ. ಈ ಪದ್ಧತಿ ದೊಡ್ಡ ಕಂಪ್ಯೂಟರುಗಳ ಕಾಲದ್ದು. ಐಬಿಎಂ ಕಂಪನಿ 1959ರಲ್ಲಿ ತಂದ 1403 ಎಂಬ ಪ್ರಿಂಟರ್ ನಿಮಿಷಕ್ಕೆ 600 ಸಾಲು ಅಚ್ಚು ಹಾಕುತ್ತಿತ್ತು. ಆ ಕಾಲಕ್ಕೆ ಅದು ಬಲು ವೇಗ, ಆದರೂ ಕಂಪ್ಯೂಟರಿನ ಮುಂದೆ ನಿಧಾನವೇ. ಲಕ್ಷಾಂತರ ರೂಪಾಯಿಯ ಯಂತ್ರವನ್ನು ಪ್ರಿಂಟರಿನ ದಾರಿ ಕಾಯುತ್ತ ಸುಮ್ಮನೆ ನಿಲ್ಲಿಸುವಂತಿರಲಿಲ್ಲ. ಹೀಗಾಗಿ ಅಚ್ಚಾಗಬೇಕಾದ್ದನ್ನು ಮೊದಲು ಟೇಪಿಗೋ ಡಿಸ್ಕಿಗೋ ಬರೆದಿಟ್ಟು, ಕಂಪ್ಯೂಟರನ್ನು ಮುಂದಿನ ಕೆಲಸಕ್ಕೆ ಬಿಟ್ಟುಕೊಟ್ಟು, ಪ್ರಿಂಟರಿಗೆ ತನ್ನ ಪಾಡಿಗೆ ಒಂದೊಂದೇ ತೆಗೆದುಕೊಳ್ಳಲು ಬಿಟ್ಟರು. ಇಂದು ನಾಗನೂರಿನ ಟೇಬಲ್ ಮೇಲಿರುವ ಯಂತ್ರದಲ್ಲೂ ನಡೆಯುವುದು ಇದೇ.

ವಿಂಡೋಸ್ ಕಂಪ್ಯೂಟರಿನಲ್ಲಿ ಈ ಕೆಲಸ ನೋಡಿಕೊಳ್ಳುವ ಸೇವೆಯ ಹೆಸರು ಪ್ರಿಂಟ್ ಸ್ಪೂಲರ್. ನೀವು ಪ್ರಿಂಟ್ ಒತ್ತಿದಾಗ ಅದು ಒಂದೊಂದು ಕೆಲಸಕ್ಕೂ ಎರಡು ಫೈಲು ಮಾಡುತ್ತದೆ. ಒಂದರಲ್ಲಿ ಪುಟಗಳ ತಿರುಳು, ಇನ್ನೊಂದರಲ್ಲಿ ವಿವರ: ಯಾರು ಕಳಿಸಿದರು, ಯಾವ ಪ್ರಿಂಟರಿಗೆ, ದಾಖಲೆಯ ಹೆಸರೇನು. ಆಮೇಲೆ ಡ್ರೈವರ್ ಆ ಪುಟವನ್ನು ನಿಮ್ಮ ಪ್ರಿಂಟರಿಗೆ ತಿಳಿಯುವ ಭಾಷೆಗೆ ತಿರುಗಿಸುತ್ತದೆ. ಅಲ್ಲಿಂದ ಯುಎಸ್‌ಬಿ ವೈರಿನಲ್ಲೋ ನೆಟ್‌ವರ್ಕಿನಲ್ಲೋ ಪ್ರಿಂಟರಿನ ಸ್ವಂತ ಮೆಮೊರಿಗೆ ಹೋಗುತ್ತದೆ. ಕೊನೆಗೆ ಕಾಗದ.

ಇಲ್ಲಿ ಗಾತ್ರದ ಲೆಕ್ಕವೊಂದನ್ನು ತಿಳಿದಿರುವುದು ಒಳ್ಳೆಯದು. ಕಬ್ಬಿನ ತೂಕದ ಚೀಟಿ ಕೊಡುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಹೋಗುವುದು ಬರೀ ಅಕ್ಷರ. ಸಾಲಿಗೆ 80 ಅಕ್ಷರ, ಪುಟಕ್ಕೆ 66 ಸಾಲು ಎಂದರೂ ಇಡೀ ಪುಟ ಸುಮಾರು 5 ಕಿಲೋಬೈಟ್. ಅದೇ ಎ4 ಪುಟವನ್ನು ಇಂಚಿಗೆ 600 ಚುಕ್ಕಿಯಂತೆ ಚಿತ್ರವಾಗಿ ಕಳಿಸಿದರೆ ಸುಮಾರು 3 ಕೋಟಿ 48 ಲಕ್ಷ ಚುಕ್ಕಿಗಳಾಗುತ್ತವೆ. ಕಪ್ಪು-ಬಿಳುಪಿನಲ್ಲಿ 4 ಮೆಗಾಬೈಟಿಗೂ ಮೇಲೆ, ಬಣ್ಣದಲ್ಲಿ ಒತ್ತಿ ಕಿರಿದಾಗಿಸದೆ ಹೋದರೆ 100 ಮೆಗಾಬೈಟ್ ದಾಟುತ್ತದೆ. ಫೈಲು ನೋಡಿದರೆ 200 ಕಿಲೋಬೈಟ್, ಪಾಳಿಯಲ್ಲಿ ಗಾತ್ರ ಏರುತ್ತಲೇ ಹೋಗುತ್ತದೆ. ಕ್ಯೂಆರ್ ಕೋಡ್, ಫೋಟೋ, ನೀರಚ್ಚು ಇರುವ ಪ್ರಮಾಣಪತ್ರ ತಡವಾಗಿ ಬರುವುದು ಇದಕ್ಕಾಗಿ. ಅದು ನಿಂತಿಲ್ಲ, ಬರುತ್ತಿದೆ. ಗಾತ್ರದ ಅಂಕಿ ಏರುತ್ತಿರುವ ತನಕ ಮತ್ತೆ ಒತ್ತಬಾರದು.

ನಿಂತದ್ದು ಎಲ್ಲಿ?

ಟಾಸ್ಕ್‌ಬಾರಿನ ಬಲತುದಿಯಲ್ಲಿ ಗಡಿಯಾರದ ಹತ್ತಿರ ಪುಟ್ಟ ಪ್ರಿಂಟರ್ ಚಿತ್ರ ಮೂಡುತ್ತದೆ. ಅದನ್ನು ಎರಡು ಸಲ ಒತ್ತಿದರೆ ಪಾಳಿಯ ಕಿಟಕಿ ತೆರೆಯುತ್ತದೆ. ದಾಖಲೆಯ ಹೆಸರು, ಸ್ಥಿತಿ, ಮಾಲೀಕ, ಪುಟ, ಗಾತ್ರ, ಕಳಿಸಿದ ಸಮಯ ಎಲ್ಲ ಅಲ್ಲಿರುತ್ತದೆ. ಮೊದಲು ನೋಡಬೇಕಾದ್ದು ಪಟ್ಟಿಯ ಮೇಲಿನ ಸಾಲು, ನಿಮ್ಮ ದಾಖಲೆಯ ಸಾಲಲ್ಲ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ತೂಕದ ಕಾಟಾ ಮೇಲೆ ಒಂದು ಟ್ರ್ಯಾಕ್ಟರ್ ಕೆಟ್ಟು ನಿಂತರೆ ಹಿಂದಿನವು ಎಷ್ಟೇ ಸರಿಯಿದ್ದರೂ ಮುಂದೆ ಸರಿಯುವುದಿಲ್ಲ, ಇಲ್ಲಿಯೂ ಹಾಗೆಯೇ. ಮೇಲಿನ ಒಂದು ಕೆಲಸ ಕೆಟ್ಟಿದ್ದರೆ ಅದನ್ನು ತೆಗೆದರೆ ಸಾಕು, ಉಳಿದವು ತಾವೇ ಹೊರಡುತ್ತವೆ.

ಪಟ್ಟಿ ಖಾಲಿ ಇದ್ದು ಕಾಗದವೂ ಬರದಿದ್ದರೆ ಕೆಲಸ ಬೇರೆ ಪಾಳಿಗೆ ಹೋಗಿದೆ ಎಂದು ತಿಳಿಯಿರಿ. ನಮ್ಮ ಕಡೆ ಇದಕ್ಕೆ ಸಾಮಾನ್ಯ ಕಾರಣ ಯುಎಸ್‌ಬಿ ವೈರ್. ಕಸ ಹೊಡೆಯುವಾಗ ವೈರ್ ತೆಗೆದು ಬೇರೆ ತೂತಿಗೆ ಹಾಕಿದರೆ ವಿಂಡೋಸ್ ಅದನ್ನು ಹೊಸ ಪ್ರಿಂಟರೆಂದು ಭಾವಿಸಿ ಅದೇ ಹೆಸರಿನ ಮುಂದೆ 'ಕಾಪಿ 1' ಎಂದು ಸೇರಿಸಿ ಇನ್ನೊಂದು ಪಾಳಿ ಮಾಡುವುದುಂಟು. ಹಳೆಯದು ಆಫ್‌ಲೈನ್ ಆಗಿ ಉಳಿಯುತ್ತದೆ, ನೀವು ಕಳಿಸಿದ್ದೆಲ್ಲ ಅಲ್ಲಿ ರಾಶಿ ಬೀಳುತ್ತದೆ. ವೈರನ್ನು ಮೊದಲಿನ ತೂತಿಗೇ ಹಾಕಿದರೆ ರಾಶಿ ಕರಗುತ್ತದೆ, ಆದರೆ ಹಾಕುವ ಮೊದಲು ಬೇಡದ್ದನ್ನೆಲ್ಲ ಅಳಿಸಿರಬೇಕು. ವಿಂಡೋಸ್ 10ರಿಂದೀಚೆಗೆ 'ಡಿಫಾಲ್ಟ್ ಪ್ರಿಂಟರನ್ನು ವಿಂಡೋಸ್ ನೋಡಿಕೊಳ್ಳಲಿ' ಎಂಬ ಸೌಲಭ್ಯ ಬಂದಿದೆ. ಅದು ನೀವು ಕೊನೆಗೆ ಬಳಸಿದ ಪ್ರಿಂಟರನ್ನೇ ಮುಖ್ಯ ಎಂದು ಹಿಡಿಯುತ್ತದೆ. ಒಮ್ಮೆ ಪಿಡಿಎಫ್ ಮಾಡಿಕೊಂಡರೆ ಮುಂದಿನ ಉತಾರವೂ ಪಿಡಿಎಫ್ ಕಡೆಗೇ ಹೋಗುತ್ತದೆ. ಅಂಗಡಿಯಲ್ಲಿ ಈ ಸೌಲಭ್ಯ ಆರಿಸಿಡುವುದೇ ಸರಿ.

ನೆಟ್‌ವರ್ಕಿನ ಪ್ರಿಂಟರಿಗೆ ಇನ್ನೊಂದು ತೊಂದರೆ. ಕರೆಂಟ್ ಹೋಗಿ ಬಂದಾಗ ರೂಟರ್ ಅದಕ್ಕೆ ಬೇರೆ ವಿಳಾಸ ಕೊಟ್ಟಿರುತ್ತದೆ, ಕಂಪ್ಯೂಟರ್ ಹಳೆಯ ವಿಳಾಸದ ಬಾಗಿಲನ್ನೇ ಬಡಿಯುತ್ತಿರುತ್ತದೆ. ರೂಟರಿನಲ್ಲಿ ಆ ಪ್ರಿಂಟರಿಗೆ ಒಂದೇ ವಿಳಾಸವನ್ನು ಕಾಯಂ ಮಾಡಿಟ್ಟರೆ ಈ ಕಾಟ ಮುಗಿಯಿತು.

ಪಟ್ಟಿಯಲ್ಲಿ 'ಪ್ರಿಂಟಿಂಗ್' ಎಂದು ತೋರಿಸುತ್ತಿದ್ದು ಪ್ರಿಂಟರಿನ ದೀಪ ಮಿಣುಕುತ್ತಿದ್ದರೆ ಕಾಗದದ ಅಳತೆ ನೋಡಿ. ಹಲವು ಡ್ರೈವರುಗಳು ಅಮೆರಿಕದ ಲೆಟರ್ ಅಳತೆಯನ್ನು ಮೊದಲೇ ಹಿಡಿದಿರುತ್ತವೆ, ನಮ್ಮ ಟ್ರೇಯಲ್ಲಿರುವುದು ಎ4. ಪ್ರಿಂಟರ್ 'ಲೆಟರ್ ಕಾಗದ ಹಾಕಿ' ಎಂದು ಕಾಯುತ್ತ ನಿಂತಿರುತ್ತದೆ, ಹಿಂದಿನವರೆಲ್ಲ ಅದಕ್ಕಾಗಿ ಕಾಯುತ್ತಾರೆ. ಪ್ರಿಂಟರಿನ ಪ್ರಾಪರ್ಟೀಸಿನಲ್ಲಿ ಎ4 ಎಂದು ಒಮ್ಮೆ ಬದಲಿಸಿದರೆ ಆಯಿತು. ಒಂದು ನಿರ್ದಿಷ್ಟ ಪಿಡಿಎಫ್ ಮಾತ್ರ ಪದೇ ಪದೇ ನಿಲ್ಲುತ್ತಿದ್ದರೆ, ಅಥವಾ ಕನ್ನಡ ಅಕ್ಷರಗಳು ಒಡೆದು ಬರುತ್ತಿದ್ದರೆ, ಅಡೋಬಿ ರೀಡರಿನ ಪ್ರಿಂಟ್ ಕಿಟಕಿಯಲ್ಲಿ 'ಅಡ್ವಾನ್ಸ್ಡ್' ಒತ್ತಿ 'ಪ್ರಿಂಟ್ ಆ್ಯಸ್ ಇಮೇಜ್' ಆರಿಸಿ. ತುಸು ನಿಧಾನವಾದರೂ ಪರದೆಯಲ್ಲಿ ಕಂಡಂತೆಯೇ ಬರುತ್ತದೆ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದ ವರ್ಡ್ ಫೈಲು ಇನ್ನೊಂದು ಕಂಪ್ಯೂಟರಿನಲ್ಲಿ ತಲೆಬುಡವಿಲ್ಲದ ಗುರುತುಗಳಾಗುವುದು ಬೇರೆ ವಿಷಯ. ಅಲ್ಲಿ ಪ್ರಿಂಟರಿನ ತಪ್ಪೇನೂ ಇಲ್ಲ, ಆ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲ ಅಷ್ಟೆ.

ಇನ್ನು ಎಲ್ಲರನ್ನೂ ಕಾಡುವ ಸ್ಥಿತಿ: ಅಳಿಸಲು ಹೋದರೆ 'ಡಿಲೀಟಿಂಗ್' ಎಂದು ತೋರಿಸುತ್ತ ಗಂಟೆಗಟ್ಟಲೆ ಅಳಿಯದೆ ಕೂತ ಕೆಲಸ. ಇದಕ್ಕೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೂ ಎಷ್ಟೋ ಸಲ ಪ್ರಯೋಜನವಾಗುವುದಿಲ್ಲ, ಏಕೆಂದರೆ ಫೈಲು ಡಿಸ್ಕಿನಲ್ಲಿದೆ, ಕಂಪ್ಯೂಟರ್ ಎದ್ದ ಕೂಡಲೇ ಸ್ಪೂಲರ್ ಅದನ್ನೇ ಮತ್ತೆ ಎತ್ತಿಕೊಳ್ಳುತ್ತದೆ. ಮಾಡಬೇಕಾದ್ದು ಹೀಗೆ. ಮೊದಲು ಪ್ರಿಂಟರ್ ಆರಿಸಿ, ಅದರ ಮೆಮೊರಿಯಲ್ಲಿ ಅರ್ಧ ಪುಟ ಉಳಿದಿರಬಹುದು. ಸ್ಟಾರ್ಟ್ ಒತ್ತಿ 'ಸರ್ವಿಸಸ್' ಎಂದು ಹುಡುಕಿ, ಉದ್ದನೆಯ ಪಟ್ಟಿಯಲ್ಲಿ 'ಪ್ರಿಂಟ್ ಸ್ಪೂಲರ್' ಸಾಲಿನ ಮೇಲೆ ಬಲಗುಂಡಿ ಒತ್ತಿ 'ಸ್ಟಾಪ್' ಮಾಡಿ. ಈಗ ಸಿ ಡ್ರೈವಿನ ವಿಂಡೋಸ್ ಫೋಲ್ಡರ್, ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್. ಅನುಮತಿ ಕೇಳಿದರೆ ಕೊಡಿ. ಅಲ್ಲಿರುವ ಫೈಲುಗಳನ್ನಷ್ಟೇ ಅಳಿಸಿ, ಫೋಲ್ಡರನ್ನು ಮುಟ್ಟಬೇಡಿ. ಆಮೇಲೆ ಸ್ಪೂಲರನ್ನು 'ಸ್ಟಾರ್ಟ್' ಮಾಡಿ, ಕೊನೆಗೆ ಪ್ರಿಂಟರ್ ಹಚ್ಚಿ. ಸ್ಪೂಲರ್ ನಡೆಯುತ್ತಿರುವಾಗಲೇ ಅಳಿಸಲು ಹೋದರೆ 'ಈ ಫೈಲು ಬಳಕೆಯಲ್ಲಿದೆ' ಎಂದು ಬಿಡುವುದೇ ಇಲ್ಲ, ಆದ್ದರಿಂದ ಈ ಕ್ರಮ ತಪ್ಪಿಸಬಾರದು. ಒಂದು ಎಚ್ಚರ: ಆ ಫೋಲ್ಡರಿನಲ್ಲಿ ಆ ಕಂಪ್ಯೂಟರಿನ ಎಲ್ಲ ಪ್ರಿಂಟರುಗಳ ಕೆಲಸವೂ ಇರುತ್ತದೆ. ಪಕ್ಕದವರು ಕಳಿಸಿದ ಐವತ್ತು ಪುಟವೂ ಹೋಗುತ್ತದೆ. "ಪಾಳಿ ಖಾಲಿ ಮಾಡ್ಲಿಕತ್ತೀನಿ, ಯಾರದಾದ್ರೂ ಐತೇನ್ರಿ?" ಎಂದು ಒಂದು ಮಾತು ಕೇಳಿಯೇ ಮುಂದುವರಿಯಿರಿ.

ಮೂರು ಕಂಪ್ಯೂಟರ್, ಒಂದು ಪ್ರಿಂಟರ್

ಒಬ್ಬರೇ ಬಳಸುವಾಗ ಪಾಳಿ ಕೆಟ್ಟರೆ ಅವರಿಗಷ್ಟೇ ತೊಂದರೆ. ಸಹಕಾರಿ ಸಂಘ, ಶಾಲೆ, ಸೇವಾ ಕೇಂದ್ರಗಳಲ್ಲಿ ಹಲವರು ಒಂದೇ ಪ್ರಿಂಟರ್ ಹಂಚಿಕೊಂಡಾಗ ಪಾಳಿ ಎಲ್ಲಿರಬೇಕು, ಯಾರ ಕೈಯಲ್ಲಿರಬೇಕು ಎಂಬುದನ್ನು ಮೊದಲೇ ಗೊತ್ತು ಮಾಡಬೇಕು.

ಮೂರೂ ಕಂಪ್ಯೂಟರುಗಳು ನೆಟ್‌ವರ್ಕ್ ಮೂಲಕ ನೇರ ಪ್ರಿಂಟರಿಗೇ ಕಳಿಸುವಂತೆ ಜೋಡಿಸುವುದು ಸುಲಭ. ಆದರೆ ಆಗ ಮೂರು ಪಾಳಿಗಳಾಗುತ್ತವೆ, ಒಂದಕ್ಕೆ ಇನ್ನೊಂದರ ಸುದ್ದಿ ಗೊತ್ತಿಲ್ಲ. ಯಾರ ಕೆಲಸ ಮೊದಲು ಒಳಹೊಕ್ಕಿತೋ ಅವರದು. ಒಂದು ಕಂಪ್ಯೂಟರಿನಲ್ಲಿ ಪಾಳಿ ಖಾಲಿ ಕಾಣುತ್ತದೆ, ಆದರೂ ಕಾಗದ ಬರುವುದಿಲ್ಲ, ಏಕೆಂದರೆ ಇನ್ನೊಂದು ಕಂಪ್ಯೂಟರ್ ಪ್ರಿಂಟರನ್ನು ಹಿಡಿದುಕೊಂಡಿದೆ. ಇದಕ್ಕಿಂತ ಒಂದು ಕಂಪ್ಯೂಟರನ್ನು ಪ್ರಿಂಟ್ ಸರ್ವರ್ ಎಂದು ನೇಮಿಸಿ, ಉಳಿದವರೆಲ್ಲ ಅದರ ಪಾಳಿಗೇ ಕಳಿಸುವಂತೆ ಮಾಡುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾರದು ಮುಂದಿದೆ, ಯಾರದು ಕೆಟ್ಟಿದೆ ಎಂದು ಒಂದೇ ಕಿಟಕಿಯಲ್ಲಿ ಕಾಣುತ್ತದೆ. ಆ ಕಂಪ್ಯೂಟರ್ ದಿನವಿಡೀ ಚಾಲೂ ಇರಬೇಕು, ಯುಪಿಎಸ್ ಇರಬೇಕು, ನಿದ್ದೆಗೆ ಹೋಗದಂತೆ ಹೊಂದಿಸಿರಬೇಕು. ಇಷ್ಟು ಬೆಲೆ ಕೊಡಲೇಬೇಕು.

ಸರ್ವರಿನಲ್ಲಿ ಪ್ರಿಂಟರ್ ಪ್ರಾಪರ್ಟೀಸಿನ 'ಅಡ್ವಾನ್ಸ್ಡ್' ಪುಟ ತೆರೆದು ನೋಡಿ. ಮೊದಲ ಪುಟ ಬಂದ ಕೂಡಲೇ ಮುದ್ರಣ ಶುರು ಮಾಡುವುದೋ, ಕೊನೆಯ ಪುಟ ಪಾಳಿಗೆ ಬಂದ ಮೇಲೆ ಶುರು ಮಾಡುವುದೋ ಎಂಬ ಆಯ್ಕೆ ಅಲ್ಲಿದೆ. ಸಾಮಾನ್ಯವಾಗಿ ಇರುವುದು ಮೊದಲನೆಯದು. ಹಂಚಿಕೊಂಡ ಪ್ರಿಂಟರಿಗೆ ಎರಡನೆಯದೇ ಲೇಸು. ಇಲ್ಲದಿದ್ದರೆ ಹಳೆಯ ನಿಧಾನ ಕಂಪ್ಯೂಟರೊಂದು ಪುಟ ಪುಟವಾಗಿ ಕಳಿಸುತ್ತ ಪ್ರಿಂಟರನ್ನು ಹಿಡಿದು ಕೂರುತ್ತದೆ, ಒಂದೇ ಪುಟದವರು ಹಿಂದೆ ಕಾಯಬೇಕಾಗುತ್ತದೆ.

ಅದೇ ಪುಟದಲ್ಲಿ 'ಪ್ರಯಾರಿಟಿ' ಇದೆ, 1ರಿಂದ 99ರವರೆಗೆ. ಇದರ ಒಳ್ಳೆಯ ಉಪಯೋಗ ಹೀಗೆ: ಒಂದೇ ಪ್ರಿಂಟರನ್ನು ಎರಡು ಹೆಸರಿನಲ್ಲಿ ಸೇರಿಸಿ. 'ಕೌಂಟರ್' ಎಂಬುದಕ್ಕೆ 50, 'ದೊಡ್ಡ ಕೆಲಸ' ಎಂಬುದಕ್ಕೆ 1. ಶಾಲೆಯವರು ತಂದ ಇನ್ನೂರು ಪುಟದ ಪ್ರಶ್ನೆಪತ್ರಿಕೆಯನ್ನು ಹತ್ತಾರು ಸಣ್ಣ ಕೆಲಸಗಳಾಗಿ ಒಡೆದು ಎರಡನೆಯದಕ್ಕೆ ಕಳಿಸಿದರೆ, ನಡುವೆ ಬಂದ ರೈತನ ಒಂದು ಹಾಳೆ ಉತಾರ ಮುಂದಿನ ಸಂದಿಯಲ್ಲಿ ಹೊರಬರುತ್ತದೆ. ಒಡೆದು ಕಳಿಸಬೇಕು ಎಂದದ್ದಕ್ಕೆ ಕಾರಣವಿದೆ: ಒಮ್ಮೆ ಅಚ್ಚಾಗಲು ಶುರುವಾದ ಕೆಲಸವನ್ನು ಪ್ರಯಾರಿಟಿ ನಡುವೆ ತಡೆಯುವುದಿಲ್ಲ. ಒಂದೇ ಮಾದರಿಯ ಎರಡು ಪ್ರಿಂಟರ್ ಇದ್ದರೆ ಇದನ್ನೇ ತಿರುಗಾಮುರುಗಾ ಮಾಡಿ, 'ಪ್ರಿಂಟರ್ ಪೂಲಿಂಗ್' ಎಂಬಲ್ಲಿ ಒಂದೇ ಪಾಳಿಗೆ ಎರಡನ್ನೂ ಜೋಡಿಸಬಹುದು. ಯಾವುದು ಬಿಡುವಾಗಿದೆಯೋ ಅದರಲ್ಲಿ ಬರುತ್ತದೆ.

ಆದರೆ ಪ್ರಯಾರಿಟಿಯನ್ನು ಪರಿಚಯದವರಿಗಾಗಿ ಬಳಸಬಾರದು. ಕರ್ನಾಟಕದಲ್ಲಿ ಭೂಮಿ ಯೋಜನೆ ಬಂದಾಗ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು, ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಮುದ್ರಿತ ಪ್ರತಿ ಪಡೆಯುವಂತಾಯಿತು. ಗ್ರಾಹಕನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯೂ ಅಲ್ಲಿತ್ತು. ಆ ಯೋಜನೆಯ ನಿಜವಾದ ಕ್ರಾಂತಿ ಇನ್ನೊಂದು: ಹಕ್ಕು ಬದಲಾವಣೆಯ ಅರ್ಜಿಗಳನ್ನು ಮೊದಲು ಬಂದವರಿಗೆ ಮೊದಲು ಎಂಬ ಕ್ರಮದಲ್ಲೇ ತೆಗೆದುಕೊಳ್ಳುವಂತೆ ತಂತ್ರಾಂಶವೇ ಕಟ್ಟುಹಾಕಿತು. ಪಾಳಿಯನ್ನು ಯಂತ್ರ ಕಾಯತೊಡಗಿದ ಮೇಲೆ ಕಡತವನ್ನು ಕೆಳಗೆ ಸೇರಿಸುವ ಅವಕಾಶ ತಗ್ಗಿತು. ಊರಿನ ಸಣ್ಣ ಪ್ರಿಂಟ್ ಪಾಳಿಗೂ ಅದೇ ನ್ಯಾಯ ಸಲ್ಲಬೇಕು.

ಅದಕ್ಕೆ ಬೇಕಾದ್ದು ಬೇರೆ ಬೇರೆ ಲಾಗಿನ್. ವಿಂಡೋಸ್ ಮಾಮೂಲಿಯಾಗಿ ಪ್ರತಿಯೊಬ್ಬರಿಗೂ ಅವರು ಕಳಿಸಿದ ಕೆಲಸವನ್ನು ಮಾತ್ರ ನಿಲ್ಲಿಸುವ, ಅಳಿಸುವ ಹಕ್ಕು ಕೊಡುತ್ತದೆ. ಎಲ್ಲರದನ್ನೂ ಮುಟ್ಟುವ ಹಕ್ಕು ನಿರ್ವಾಹಕರಿಗಷ್ಟೇ. ಮೂವರೂ ಒಂದೇ ಹೆಸರಿನಲ್ಲಿ ಕುಳಿತರೆ ಈ ಕಟ್ಟು ಸಡಿಲಾಗುತ್ತದೆ, ಮಾಲೀಕ ಎಂಬ ಕಾಲಮಿನಲ್ಲಿ ಒಂದೇ ಹೆಸರು ಸಾಲುಗಟ್ಟುತ್ತದೆ, ಅವಸರದಲ್ಲಿ ಒಬ್ಬರದನ್ನು ಇನ್ನೊಬ್ಬರು ಅಳಿಸುತ್ತಾರೆ.

ಹೊಸ ಕಂಪ್ಯೂಟರಿನಿಂದ ಹಂಚಿಕೊಂಡ ಪ್ರಿಂಟರಿಗೆ ಜೋಡಿಸುವಾಗ ಅಡ್ಮಿನ್ ಪಾಸ್‌ವರ್ಡ್ ಕೇಳುವುದು ಹಲವರಿಗೆ ಕಿರಿಕಿರಿ. ಇದು ಸುಮ್ಮನೆ ಬಂದದ್ದಲ್ಲ. 2021ರ ಜುಲೈನಲ್ಲಿ ಪ್ರಿಂಟ್‌ನೈಟ್‌ಮೇರ್ ಎಂದು ಹೆಸರಾದ ದೋಷ ಬಯಲಾಯಿತು. ಇದೇ ಸ್ಪೂಲರ್ ಸೇವೆಯ ಮೂಲಕ ಹೊರಗಿನವರು ಕಂಪ್ಯೂಟರಿನ ಪೂರ್ತಿ ಅಧಿಕಾರ ಹಿಡಿಯಬಹುದಾಗಿತ್ತು. ಮೈಕ್ರೋಸಾಫ್ಟ್ ತುರ್ತಾಗಿ ತಿದ್ದುಪಡಿ ಬಿಟ್ಟಿತು, ಆಗಸ್ಟಿನಲ್ಲಿ ಡ್ರೈವರ್ ಹಾಕಲು ಅಡ್ಮಿನ್ ಅನುಮತಿ ಬೇಕೇ ಬೇಕು ಎಂದು ಮಾಡಿತು. ಅಪ್‌ಡೇಟ್ ಬಂದ್ ಮಾಡಿಟ್ಟ ಕಂಪ್ಯೂಟರನ್ನು ಪ್ರಿಂಟ್ ಸರ್ವರ್ ಮಾಡಬೇಡಿ.

ಲಿನಕ್ಸ್ ಇದ್ದಲ್ಲಿ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿ ಕೇರಳದ ಸರ್ಕಾರಿ ಶಾಲೆಗಳಲ್ಲಿ ಬಳಕೆಯಲ್ಲಿರುವುದು ಉಬುಂಟು ಆಧಾರಿತ ಲಿನಕ್ಸ್. ಅಂಥಲ್ಲಿ ಪ್ರಿಂಟ್ ಪಾಳಿ ನೋಡಿಕೊಳ್ಳುವುದು ಕಪ್ಸ್ ಎಂಬ ತಂತ್ರಾಂಶ. ಮೈಕೆಲ್ ಸ್ವೀಟ್ ಬರೆದ ಇದು 1999ರಲ್ಲಿ ಹೊರಬಂತು, 2007ರಲ್ಲಿ ಆ್ಯಪಲ್ ಕಂಪನಿ ಕೊಂಡಿತು. ಮ್ಯಾಕ್ ಕಂಪ್ಯೂಟರುಗಳಲ್ಲೂ ಇರುವುದು ಇದೇ. ಲಿನಕ್ಸ್ ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದು 'ಲೋಕಲ್‌ಹೋಸ್ಟ್', ಕೋಲನ್ (ಮೇಲೊಂದು ಕೆಳಗೊಂದು ಚುಕ್ಕಿ), 631 ಎಂದು ಹೊಡೆದರೆ ಪ್ರಿಂಟರುಗಳೂ ಕೆಲಸಗಳೂ ಒಂದು ಪುಟದಲ್ಲಿ ಕಾಣುತ್ತವೆ.

ಕಪ್ಸ್‌ನಲ್ಲಿ ನನಗೆ ಬಹಳ ಹಿಡಿಸಿದ್ದು ಎರಡು ಬೇರೆ ಸ್ವಿಚ್ಚುಗಳು. ಪಾಳಿಗೆ ಹೊಸ ಕೆಲಸ ಸೇರಿಸಿಕೊಳ್ಳಬೇಕೋ ಬೇಡವೋ ಎಂಬುದು ಒಂದು, ಸೇರಿದ್ದನ್ನು ಅಚ್ಚು ಹಾಕಬೇಕೋ ಬೇಡವೋ ಎಂಬುದು ಇನ್ನೊಂದು. ಟೋನರ್ ಬದಲಿಸುವಾಗ ಅಚ್ಚು ಮಾತ್ರ ನಿಲ್ಲಿಸಿ, ಜನ ಕಳಿಸುತ್ತಲೇ ಇರಲಿ. ಪ್ರಿಂಟರೇ ರಿಪೇರಿಗೆ ಗೋಕಾಕಕ್ಕೆ ಹೋದರೆ ಪಾಳಿಯ ಬಾಗಿಲನ್ನೂ ಮುಚ್ಚಿ, ಇಲ್ಲದಿದ್ದರೆ ಮರಳಿ ಬಂದ ದಿನ ವಾರದ ಹಿಂದಿನ ಹಾಳೆಗಳೆಲ್ಲ ಉದುರುತ್ತವೆ. ನಿಂತ ಕೆಲಸಗಳನ್ನು ಇನ್ನೊಂದು ಪ್ರಿಂಟರಿಗೆ ಸಾಗಿಸುವ ಸೌಕರ್ಯವೂ ಅದೇ ಪುಟದಲ್ಲಿದೆ.

ಪಾಳಿಯಲ್ಲಿ ಉಳಿಯುವ ದಾಖಲೆ

ಕೊನೆಯದಾಗಿ, ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವ ವಿಷಯ. ಪಾಳಿಯ ಫೈಲಿನಲ್ಲಿರುವುದು ಆಧಾರ್ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್, ಜಮೀನಿನ ಸರ್ವೇ ನಂಬರ್. ಜನ ನಂಬಿ ಕೊಟ್ಟದ್ದು. ಕೆಲಸ ಮುಗಿದ ಮೇಲೆ ವಿಂಡೋಸ್ ಆ ಫೈಲನ್ನು ಅಳಿಸುತ್ತದೆ, ಆದರೆ 'ಕೀಪ್ ಪ್ರಿಂಟೆಡ್ ಡಾಕ್ಯುಮೆಂಟ್ಸ್' ಎಂಬುದಕ್ಕೆ ಟಿಕ್ ಇದ್ದರೆ ಅಳಿಸುವುದಿಲ್ಲ. ಯಾರಾದರೂ ಪಟ್ಟಿಯಲ್ಲಿ ಅದನ್ನು ಹಿಡಿದು 'ರೀಸ್ಟಾರ್ಟ್' ಒತ್ತಿದರೆ ಅದೇ ದಾಖಲೆ ಮತ್ತೆ ಅಚ್ಚಾಗುತ್ತದೆ. ಕಪ್ಸ್ ಕೂಡ ಸಾಮಾನ್ಯವಾಗಿ ಒಂದು ದಿನ ಫೈಲು ಇಟ್ಟುಕೊಳ್ಳುತ್ತದೆ, ಸೆಟ್ಟಿಂಗಿನಲ್ಲಿ ಅದನ್ನು ನಿಲ್ಲಿಸಬಹುದು. ಅಚ್ಚಾಗದೆ ಉಳಿದ ಕೆಲಸವಂತೂ ಕರೆಂಟ್ ಹೋದರೂ ಡಿಸ್ಕಿನಲ್ಲಿ ಹಾಗೆಯೇ ಕೂತಿದ್ದು, ಮರುದಿನ ಬೆಳಿಗ್ಗೆ ಮೊದಲ ಗ್ರಾಹಕನ ಎದುರು ಹೊರಬರುತ್ತದೆ.

ಆದ್ದರಿಂದ ಪ್ರಿಂಟರ್ ಇಟ್ಟುಕೊಂಡು ಜನರ ಕೆಲಸ ಮಾಡಿಕೊಡುವ ಎಲ್ಲರಲ್ಲೂ ಒಂದು ವಿನಂತಿ. ಆ ಟಿಕ್ ಇದ್ದರೆ ಇಂದೇ ತೆಗೆಯಿರಿ. ಸಂಜೆ ಅಂಗಡಿ ಬಂದ್ ಮಾಡುವ ಮೊದಲು ಪಾಳಿಯ ಕಿಟಕಿ ತೆರೆದು, ಉಳಿದ ಕೆಲಸಗಳನ್ನೆಲ್ಲ ಅಳಿಸಿ, ಟ್ರೇಯಲ್ಲಿ ಬಿದ್ದಿರುವ ಹಾಳೆಗಳನ್ನು ಹರಿದು ಹಾಕಿ, ಆಮೇಲೆ ಕಂಪ್ಯೂಟರ್ ಆರಿಸಿ.